ಹುಲ್ಲುಹಾಸಿನಲ್ಲಿ ಪಾಚಿಯೂ ಹೋಗುತ್ತಿಲ್ಲ, ಜೇಕು ಎಂಬ ಗಡ್ಡೆಕಳೆಯೂ ಹೋಗುತ್ತಿಲ್ಲ. ಪೂರ್ತಿ ಅಗೆಸಿ ಹೊಸದು ಹಾಕಿಸಲೇ?

ಅಗೆಸಬೇಡಿ, ಸದ್ಯಕ್ಕಂತೂ ಬೇಡ.

ನೀವು ಬರೆದಿರುವ ಪ್ರಕಾರ ಮರದ ಕೆಳಗೆ ಸುಮಾರು 4 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗದಲ್ಲಿ ಪಾಚಿ ಇದೆ, ಬಿಸಿಲು ಬೀಳುವ ಕಡೆ ಜೇಕು ಎದ್ದಿದೆ. ಹಾಕಿರುವುದು ಬರ್ಮುಡಾ ಹುಲ್ಲು. ಅದನ್ನು 2 ಸೆಂ.ಮೀ.ಗೆ ಕತ್ತರಿಸುತ್ತೀರಿ, ದಿನಾ ಸಂಜೆ ಹತ್ತು ನಿಮಿಷ ನೀರು ಬಿಡುತ್ತೀರಿ, ತಿಂಗಳಿಗೊಮ್ಮೆ ಕಳೆ ಕೀಳಿಸುತ್ತೀರಿ. ಹೊಸ ಹುಲ್ಲು ತಂದು ಹಾಸಿದರೂ ಆ ನೆರಳು, ಆ ಗಟ್ಟಿ ನೆಲ, ಆ ಸಂಜೆಯ ನೀರು ಇದ್ದಲ್ಲೇ ಇರುತ್ತವೆ. ಹೀಗಾಗಿ ಪಾಚಿ ಮತ್ತೆ ಬಂದೇ ಬರುತ್ತದೆ. ಜೇಕಿನ ವಿಷಯದಲ್ಲಿ ಅಗೆತ ಇನ್ನೂ ಕೆಟ್ಟದ್ದು. ಸರದಂತೆ ಕೂಡಿಕೊಂಡಿರುವ ಅದರ ಗಡ್ಡೆಗಳು ಬಿಡಿಬಿಡಿಯಾಗುತ್ತವೆ, ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದವೂ ಚಿಗುರುತ್ತವೆ. ಒಂದು ಮೂಲೆಯ ಜೇಕನ್ನು ಇಡೀ ಅಂಗಳಕ್ಕೆ ಬಿತ್ತಿದ ಹಾಗಾಗುತ್ತದೆ.

ಹೋದ ಸಲ ಪಾಚಿಗೆಂದು ನೀವು ಫೆರಸ್ ಸಲ್ಫೇಟನ್ನೂ (ಕಬ್ಬಿಣದ ಲವಣ, ಹಳಬರು ಅನ್ನಭೇದಿ ಅನ್ನುವುದು ಇದನ್ನೇ) ಸುಣ್ಣವನ್ನೂ ಒಟ್ಟಿಗೆ ಎರಚಿದಿರಿ, ದುಡ್ಡು ದಂಡವಾಗಿದ್ದು ಅದರಿಂದಲೇ. ಸುಣ್ಣದ ಕ್ಷಾರ ತಗುಲಿದರೆ ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ, ಪಾಚಿಯನ್ನು ಸುಡುವ ಬಲ ಉಳಿಯುವುದಿಲ್ಲ. ಇನ್ನು ಸುಣ್ಣ ಹಾಕಿದರೆ ಪಾಚಿ ಸಾಯುತ್ತದೆ ಎಂಬ ಮಾತನ್ನು ನಂಬಬೇಡಿ, ಕ್ಷಾರವೇ ಆಗಿರುವ ಸಿಮೆಂಟ್ ಗೋಡೆಯ ಮೇಲೂ ಪಾಚಿ ಬೆಳೆಯುತ್ತದಲ್ಲ! ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ, ಅಂದರೆ ಪಿಎಚ್, 6ರಿಂದ 7ರೊಳಗೆ ಇದ್ದರೆ ಸುಣ್ಣದ ಚೀಲವನ್ನು ಬಿಚ್ಚುವುದೇ ಬೇಡ. 5.5ಕ್ಕಿಂತ ಇಳಿದಿದ್ದರೆ ಮಾತ್ರ ವರದಿಯಲ್ಲಿ ಹೇಳಿದಷ್ಟು ಹಾಕಿ, ಅದೂ ಪಾಚಿಯ ಕೆಲಸ ಮುಗಿದು ಕೆಲವು ವಾರ ಕಳೆದ ಮೇಲೆ.

ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಪಾಚಿ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಬೆರಳಿಗೆ ಲೋಳೆಯಂತೆ ಅಂಟುವ, ಒಣಗಿದರೆ ಕಪ್ಪು ಹೆಕ್ಕಳಿಕೆಯಾಗಿ ಏಳುವ ಪಾಚಿ ಒಂದು. ಅದು ಕಂಡರೆ ನೀರು ನಿಲ್ಲುತ್ತಿದೆ ಎಂದೇ ಅರ್ಥ, ನೀರಿಗೆ ದಾರಿ ಮಾಡಿಕೊಟ್ಟರೆ ಮುಕ್ಕಾಲು ಪಾಲು ಹೋಗುತ್ತದೆ. ಮಖಮಲ್ಲಿನಂತೆ ಮೆತ್ತಗಿದ್ದು, ಎಳೆದರೆ ಸಣ್ಣ ಎಲೆಗಳ ದಂಟು ದಂಟಾಗಿ ಬರುವುದು ಇನ್ನೊಂದು. ನಿಮ್ಮ ವರ್ಣನೆ ಇದಕ್ಕೇ ಹೊಂದುತ್ತದೆ. ಇದಕ್ಕೆ ನಿಜವಾದ ಬೇರಿಲ್ಲ, ನೆಲ ಕಚ್ಚುವ ಸಣ್ಣ ಎಳೆಗಳಷ್ಟೇ ಇರುತ್ತವೆ. ಇದು ಹುಲ್ಲನ್ನು ಕೊಂದು ಬರುವುದಿಲ್ಲ, ಹುಲ್ಲು ಬಿಟ್ಟ ಜಾಗಕ್ಕೆ ಬರುತ್ತದೆ. ಹಾಗಾಗಿ ಔಷಧಿ ತರುವ ಮೊದಲು ಹುಲ್ಲು ಅಲ್ಲಿಂದ ಯಾಕೆ ಹೋಯಿತು ಎಂದು ನೋಡಬೇಕು.

ಮೊದಲನೆಯದು ಬಿಸಿಲು. ಮೋಡವಿಲ್ಲದ ಒಂದು ದಿನ ಬೆಳಗಿನಿಂದ ಗಂಟೆಗೊಮ್ಮೆ ಆ ಜಾಗವನ್ನು ನೋಡಿ, ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಎಂದು ಬರೆದಿಡಿ. ಬರ್ಮುಡಾಗೆ ಕನಿಷ್ಠ 6 ಗಂಟೆ ಬೇಕು. 4ರಿಂದ 6 ಗಂಟೆ ಸಿಕ್ಕರೆ ಆ 12 ಚದರ ಮೀಟರಿಗೆ ನೆರಳು ತಾಳುವ ಅಗಲ ಎಲೆಯ ಹುಲ್ಲಿನ ಜಾತಿ ಹಾಕಿ, ಉದಾಹರಣೆಗೆ ಸೇಂಟ್ ಆಗಸ್ಟೀನ್. ನಾಲ್ಕಕ್ಕಿಂತ ಕಡಿಮೆಯಾದರೆ ಮರದ ಕೆಳಗಿನ ಕೊಂಬೆಗಳನ್ನು ಸವರಿಸಿ ಮತ್ತೊಮ್ಮೆ ಎಣಿಸಿ. ಆಗಲೂ ಏರದಿದ್ದರೆ ನನ್ನ ಮಟ್ಟಿಗೆ ಹುಲ್ಲಿನ ಆಸೆ ಬಿಡುವುದೇ ಜಾಣತನ. ಚಪ್ಪಡಿ ಹಾಸಿ ನಡುವೆ ಜರಿಗಿಡ ನೆಡಿ, ಇಲ್ಲವೇ ಪಾಚಿಯನ್ನೇ ಇರಗೊಡಿ. ನೋಡಲು ಅದೇನೂ ಕೆಟ್ಟದಾಗಿರುವುದಿಲ್ಲ, ಕತ್ತರಿಸುವ ಕೆಲಸವೂ ಇಲ್ಲ.

ಎರಡನೆಯದು ನೆಲದ ಬಿಗಿ. ನೀರು ಬಿಟ್ಟ ಮರುದಿನ ಉದ್ದದ ಸ್ಕ್ರೂಡ್ರೈವರನ್ನು ಕೈಯಿಂದ ಒತ್ತಿ. 10 ಸೆಂ.ಮೀ. ಸಲೀಸಾಗಿ ಇಳಿಯದಿದ್ದರೆ ಬೇರಿಗೂ ಇಳಿಯಲಾಗುತ್ತಿಲ್ಲ.

ಬಿಸಿಲು ಸಾಕಷ್ಟಿದ್ದರೆ ಕೆಲಸ ಹೀಗೆ ಸಾಗಲಿ. 12 ಚದರ ಮೀಟರಿಗೆ 120 ಗ್ರಾಂ ಫೆರಸ್ ಸಲ್ಫೇಟ್ ತೆಗೆದುಕೊಂಡು 12 ಲೀಟರ್ ನೀರಿನಲ್ಲಿ ಕರಗಿಸಿ, ಜಾಲರಿ ಮೂತಿಯ ಕ್ಯಾನಿನಲ್ಲಿ ಸಮನಾಗಿ ಹನಿಸಿ. ಚದರ ಮೀಟರಿಗೆ 10 ಗ್ರಾಂ ಆಯಿತು. ಮೊದಲು ಒಂದು ಅಡಿ ಜಾಗದಲ್ಲಿ ಹಾಕಿ ಎರಡು ದಿನ ನೋಡಿ, ಕೈ ಜಾಸ್ತಿಯಾದರೆ ಹುಲ್ಲೂ ಕಪ್ಪಾಗುತ್ತದೆ. ನೆಲ ತೇವವಾಗಿರಬೇಕು, ಬಿಸಿಲು ಚುರುಕಾಗಿರಬಾರದು, ಆ ದಿನ ಮಳೆ ಬರುವಂತಿರಬಾರದು. ಕಲ್ಲು, ಟೈಲ್ಸ್, ಸಿಮೆಂಟಿನ ಮೇಲೆ ಒಂದು ಹನಿ ಬಿದ್ದರೂ ತುಕ್ಕಿನ ಕಲೆ ಉಳಿಯುತ್ತದೆ, ಚಪ್ಪಲಿಯ ಅಡಿಗೆ ಹತ್ತಿ ಮನೆಯೊಳಗೂ ಬರುತ್ತದೆ. ಕೈಗವಸು ಹಾಕಿ, ಕರಗಿಸಿದ್ದನ್ನು ಅಂದೇ ಮುಗಿಸಿ.

ಕೆಲವೇ ದಿನಗಳಲ್ಲಿ ಪಾಚಿ ಕಪ್ಪಾಗುತ್ತದೆ. ಆಗಲೇ ಕೆರೆಯಲು ಹೋಗಬೇಡಿ, ಎರಡು ವಾರ ಬಿಟ್ಟು ತಂತಿಹಲ್ಲಿನ ರೇಕಿನಿಂದ ಎಳೆದು ತೆಗೆಯಿರಿ. ಹಸಿರಿದ್ದಾಗ ಕೆರೆದರೆ ತುಂಡುಗಳು ಚದುರಿ ಹೊಸ ಜಾಗದಲ್ಲಿ ಚಿಗುರುತ್ತವೆ. ಕಪ್ಪಾಗಿದ್ದನ್ನು ತೆಗೆಯದೆ ಬಿಟ್ಟರೆ ಅದೇ ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ರೇಕ್ ಎಳೆದಾಗ ನೆಲ ಬೋಳಾಗಿ ಕಾಣುತ್ತದೆ, ಗಾಬರಿ ಬೇಡ.

ಆಮೇಲೆ ಗಾರ್ಡನ್ ಫೋರ್ಕನ್ನು 10 ಸೆಂ.ಮೀ. ಆಳಕ್ಕೆ ಚುಚ್ಚಿ, ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸಿ ಎತ್ತಿ. ಗೇಣಿಗಿಂತ ಕಡಿಮೆ ಅಂತರದಲ್ಲಿ, ಅಂದರೆ 10ರಿಂದ 15 ಸೆಂ.ಮೀ.ಗೊಂದು ಸಾಲಿನಂತೆ ಇಡೀ ಜಾಗದಲ್ಲಿ ಮಾಡಿ. ಮರದ ದಪ್ಪ ಬೇರು ತಗುಲಿದಲ್ಲಿ ಒತ್ತಬೇಡಿ. ಜರಡಿ ಹಿಡಿದ ಕಾಂಪೋಸ್ಟ್ ಮತ್ತು ಒರಟು ಮರಳು ಬೆರೆಸಿ 5 ಮಿ.ಮೀ. ದಪ್ಪ ಹರಡಿ, ಪೊರಕೆಯಿಂದ ತೂತುಗಳಿಗೆ ಇಳಿಸಿ. ಇಷ್ಟು ಜಾಗಕ್ಕೆ 60 ಲೀಟರ್ ಸಾಕು. ಹುಲ್ಲಿನ ತುದಿ ಮುಚ್ಚಿಹೋದರೆ ಹೆಚ್ಚಾಯಿತು ಎಂದು ತಿಳಿಯಿರಿ. ಜೇಡಿಮಣ್ಣಿನ ಮೇಲೆ ಬರಿಯ ಮರಳು ಸುರಿಸುವವರಿದ್ದಾರೆ. ಅದು ಪದರವಾಗಿ ಕೂತು ನೀರು ಇಳಿಯುವುದನ್ನೇ ತಡೆಯುತ್ತದೆ. ಬೋಳು ಜಾಗಕ್ಕೆ ಹುಲ್ಲಿನ ತುಂಡುಗಳನ್ನು ಈಗ ನೆಡಿ.

ನೀರು, ಕತ್ತರಿ ಎರಡನ್ನೂ ಇವತ್ತಿನಿಂದಲೇ ಬದಲಿಸಿ. ದಿನಾ ಸಂಜೆಯ ಹತ್ತು ನಿಮಿಷದಿಂದ ಮೇಲ್ಮೈ ಮಾತ್ರ ರಾತ್ರಿಯಿಡೀ ಒದ್ದೆಯಾಗಿರುತ್ತದೆ, ಪಾಚಿಗೆ ಬೇಕಾದ್ದೂ ಅಷ್ಟೇ. ಬೆಳಗ್ಗೆ, ವಾರಕ್ಕೆ ಎರಡೇ ಸಲ, ಒಟ್ಟು 25 ಮಿ.ಮೀ. ಸಿಗುವಂತೆ ಬಿಡಿ. ನೇರ ಬದಿಯ ಎರಡು ಮೂರು ಡಬ್ಬಿಗಳನ್ನು ಹುಲ್ಲಿನ ಮೇಲಿಟ್ಟು ಅಳೆದರೆ ಎಷ್ಟು ನಿಮಿಷ ಬೇಕೆಂದು ಗೊತ್ತಾಗುತ್ತದೆ. ನೆರಳಿನ ಕಡೆ ಅಷ್ಟು ಬೇಡ, ಮಣ್ಣು ಮುಟ್ಟಿ ನೋಡಿ ಬಿಡಿ. ಹೊಸದಾಗಿ ನೆಟ್ಟ ತುಂಡುಗಳಿಗೆ ಮಾತ್ರ ಬೇರು ಹಿಡಿಯುವ ತನಕ ಈ ಲೆಕ್ಕವಿಲ್ಲ. ಹುಲ್ಲಿನ ಎತ್ತರ ಬಿಸಿಲಲ್ಲಿ 3ರಿಂದ 4, ನೆರಳಲ್ಲಿ 5 ಸೆಂ.ಮೀ. ಇರಲಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಬರ್ಮುಡಾದ ಕೆಳದಂಟಿನಲ್ಲಿ ಎಲೆ ಇರುವುದಿಲ್ಲ, ಬೆಳೆಯಲು ಬಿಟ್ಟು ಒಮ್ಮೆಲೇ ಕಡಿದರೆ ಕಂದು ಕಡ್ಡಿಗಳಷ್ಟೇ ಉಳಿಯುತ್ತವೆ. ಆ ತೆರಪಿಗೆ ಬೆಳಕು ಬಿದ್ದು ಕಳೆಯ ಬೀಜ ಮೊಳೆಯುತ್ತದೆ. ಕತ್ತರಿಸಿದ ತುದಿ ಬಿಳಿಚಿ ಸೀಳಿದಂತಿದ್ದರೆ ಬ್ಲೇಡ್ ಮೊಂಡಾಗಿದೆ.

ಇನ್ನು ಜೇಕು. ದಂಟನ್ನು ಬೆರಳಲ್ಲಿ ಉರುಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಗುತ್ತದೆ. ಅದು ಹುಲ್ಲಿನ ಜಾತಿಯೂ ಅಲ್ಲ, ಅಗಲ ಎಲೆಯ ಕಳೆಯೂ ಅಲ್ಲ, ಅದಕ್ಕೇ ಅಗಲ ಎಲೆಯ ಕಳೆಗೆ ಬಳಸುವ 2,4-ಡಿ ಎಂಬ ಕಳೆನಾಶಕ ಹೊಡೆದರೆ ಸಾಯುವುದಿಲ್ಲ. ಬೀಜ ಮೊಳೆಯದಂತೆ ತಡೆಯುವ ಪೆಂಡಿಮೆಥಾಲಿನ್ ಕೂಡ ಗಡ್ಡೆಯ ಚಿಗುರನ್ನು ತಡೆಯದು. ಗ್ಲೈಫೋಸೇಟ್ ಎಂಬ ಕಳೆನಾಶಕ ಜೇಕಿನ ಜೊತೆ ಹುಲ್ಲನ್ನೂ ಒಯ್ಯುತ್ತದೆ. ವಿನೆಗರ್ ಎಲೆಯನ್ನಷ್ಟೇ ಸುಡುತ್ತದೆ, ಉಪ್ಪು ಹಾಕಿದರೆ ಮಣ್ಣೇ ಕೆಡುತ್ತದೆ.

ಕೈಯಲ್ಲಿ ಕೀಳುವುದು ವ್ಯರ್ಥವಲ್ಲ, ನಿಮ್ಮ ತಿಂಗಳ ಅಂತರ ಮಾತ್ರ ತಪ್ಪು. ಐದಾರು ಎಲೆ ಬರುವ ಹೊತ್ತಿಗೆ ಗಿಡ ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಅದಕ್ಕೂ ಮೊದಲೇ, ಎರಡು ವಾರ ಮೀರದಂತೆ ಕಿತ್ತರೆ ಹಳೆಯ ಗಡ್ಡೆ ತನ್ನ ದಾಸ್ತಾನು ಕರಗಿಸಿ ಮತ್ತೆ ಚಿಗುರಬೇಕಾಗುತ್ತದೆ. ಒಂದು ಗಡ್ಡೆಯಲ್ಲಿ ಹಲವು ಕಣ್ಣುಗಳಿರುವುದರಿಂದ ಇದನ್ನು ಒಂದೆರಡು ಹಂಗಾಮು ಬಿಡದೆ ಮಾಡಬೇಕು. ನಡುವೆ ಒಂದು ತಿಂಗಳು ಕೈಬಿಟ್ಟರೂ ಲೆಕ್ಕ ಮೊದಲಿಗೆ ಬರುತ್ತದೆ.

ಜಾಗ ದೊಡ್ಡದಾಗಿದ್ದರೆ ಹ್ಯಾಲೋಸಲ್ಫ್ಯೂರಾನ್ ಮಿಥೈಲ್ ಎಂಬ ಕಳೆನಾಶಕ ಬಳಸಬಹುದು. ಬೇರೂರಿದ ಬರ್ಮುಡಾವನ್ನು ಬಿಟ್ಟು ಜೇಕನ್ನು ಹಿಡಿಯುತ್ತದೆ. ಪ್ರಮಾಣ ಡಬ್ಬಿಯ ಮೇಲಿದ್ದಂತೆಯೇ ಇರಲಿ. ಗಿಡಕ್ಕೆ 3ರಿಂದ 5 ಎಲೆ ಇದ್ದಾಗ, ಎಲೆಗೆ ಅಂಟುವ ದ್ರಾವಣ ಬೆರೆಸಿ ಹೊಡೆಯಿರಿ. ಹಿಂದೆ ಎರಡು ದಿನ, ಮುಂದೆ ಎರಡು ದಿನ ಹುಲ್ಲು ಕತ್ತರಿಸಬಾರದು. ಎಲೆ ಇಲ್ಲದಿದ್ದರೆ ಔಷಧಿ ಗಡ್ಡೆಗೆ ಇಳಿಯುವ ದಾರಿಯೇ ಇಲ್ಲ. ಹಳದಿಯಾಗಲು ಎರಡು ಮೂರು ವಾರ ಹಿಡಿಯುತ್ತದೆ, ಕೆಲಸ ಮಾಡಲಿಲ್ಲ ಎಂದು ಮರುವಾರವೇ ಮತ್ತೆ ಹೊಡೆಯಬೇಡಿ. ಆರರಿಂದ ಹತ್ತು ವಾರಕ್ಕೆ ಹೊಸ ಚಿಗುರು ಕಂಡರೆ ಎರಡನೆಯ ಸರದಿ. ಮರದ ಕೆಳಗೆ ಹೊಸದಾಗಿ ನೆಟ್ಟ ಭಾಗಕ್ಕೆ ಮಾತ್ರ ಇದನ್ನು ಸೋಕಿಸಬೇಡಿ.

ಆ 60 ಲೀಟರ್ ಮಿಶ್ರಣಕ್ಕೆ ಬೇಕಾದ ಮರಳು, ಕಾಂಪೋಸ್ಟ್ ಬಂದಾಗ ಇಳಿಸಿಕೊಳ್ಳುವ ಮೊದಲೇ ನಾಲ್ಕು ಬೊಗಸೆ ಜರಡಿ ಹಿಡಿದು ನೋಡಿ. ಕಡಲೆಕಾಳಿನಷ್ಟು ಅಥವಾ ಅದಕ್ಕಿಂತ ದಪ್ಪದ, ಕಪ್ಪಗೆ ನಾರುನಾರಾದ ಗಟ್ಟಿ ಜೇಕಿನ ಗಡ್ಡೆ ಒಂದೇ ಒಂದು ಸಿಕ್ಕರೂ ಆ ಮಾಲನ್ನು ವಾಪಸ್ ಕಳಿಸಿ.