ಅಪ್ಪನ ಟ್ಯಾಲಿಯೂ ಇರಲಿ, ನಿಮ್ಮ ಲಿನಕ್ಸೂ ಬರಲಿ

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ, ಊರು ಹಾಸನ. ಮನೆಯಲ್ಲಿರುವುದು 2017ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪ್. ಏಳನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10 ಇದೆ. ವಿಂಡೋಸ್ 11 ಹಾಕಲು ಹೋದರೆ ಆಗಲ್ಲ ಅಂತ ತೋರಿಸುತ್ತದೆ. ಅಪ್ಪ ಅಂಗಡಿ ಲೆಕ್ಕವನ್ನು ಇದರಲ್ಲೇ ಟ್ಯಾಲಿಯಲ್ಲಿ ಬರೆಯುತ್ತಾರೆ. ನನಗೆ ವೆಬ್ ಡೆವಲಪ್‌ಮೆಂಟ್ ಕಲಿಯಬೇಕು. ಸೀನಿಯರ್‌ಗಳು ವಿಂಡೋಸ್ ಬದಲು ಲಿನಕ್ಸ್ ಹಾಕು ಅಂತಾರೆ, ಗೆಳೆಯ ಹೊಸ ಲ್ಯಾಪ್‌ಟಾಪ್ ತಗೋ ಅಂತಾನೆ. ಏನು ಮಾಡಲಿ?

ಉತ್ತರ: ಹೊಸದು ಈಗಲೇ ಬೇಡ. ನಿಮ್ಮ ಲ್ಯಾಪ್‌ಟಾಪ್ ಇನ್ನೂ ಕೆಲಸ ಮಾಡುತ್ತದೆ. ಅದು ನಿಧಾನ ಅನ್ನಿಸಿದರೆ ಕಾರಣ ಪ್ರೊಸೆಸರ್ ಅಲ್ಲ, ಆ ತಿರುಗುವ ಹಾರ್ಡ್‌ಡಿಸ್ಕ್. ಮೊದಲು ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಯಾವ ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡರೂ ಈ ಖರ್ಚು ದಂಡವಾಗಲ್ಲ.

ವಿಂಡೋಸ್ 11 ಯಾಕೆ ಬೇಡ ಅನ್ನುತ್ತಿದೆ ಅಂದರೆ, ಅದಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ಜನರೇಷನ್ ಅಥವಾ ನಂತರದ ಪ್ರೊಸೆಸರ್ ಬೇಕು. ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ಪೂ ಬೇಕು. ನಿಮ್ಮದು ಒಂದೇ ಮೆಟ್ಟಿಲಿನಲ್ಲಿ ತಪ್ಪಿದೆ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಸಿಗುತ್ತಾರೆ. ಆದರೆ ಅಪ್ಪನ ಲೆಕ್ಕ ಇರುವ ಮಷೀನ್ ಮೇಲೆ ಆ ಪ್ರಯೋಗ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಸಿಗುವ ವ್ಯವಸ್ಥೆ ಮಾಡಿತು. ಆಮೇಲೂ ವಿಂಡೋಸ್ 10 ಓಡುತ್ತದೆ, ಟ್ಯಾಲಿಯೂ ಓಡುತ್ತದೆ. ಆದರೆ ಅದರಲ್ಲಿ ಇಂಟರ್ನೆಟ್ ಬಳಸುವುದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿ. ಟ್ಯಾಲಿ ವಿಂಡೋಸ್‌ನಲ್ಲಿರಲಿ, ಉಳಿದದ್ದೆಲ್ಲ ಲಿನಕ್ಸ್‌ಗೆ ಬರಲಿ. ಅಪ್ಪ ಟ್ಯಾಲಿಯಿಂದ ಜಿಎಸ್‌ಟಿ ಫೈಲ್ ತೆಗೆದುಕೊಟ್ಟರೆ ಅದನ್ನು ಪೋರ್ಟಲ್‌ಗೆ ಹಾಕಲು ಲಿನಕ್ಸ್‌ನ ಬ್ರೌಸರ್ ಸಾಕು. ಅಂಗಡಿ ಅಪ್ಪನ ಸ್ವಂತ ಹೆಸರಿನಲ್ಲಿದ್ದರೆ ಮೊಬೈಲ್‌ಗೆ ಬರುವ ಒಟಿಪಿಯಲ್ಲೇ ರಿಟರ್ನ್ಸ್ ಸಲ್ಲಿಸಬಹುದು. ಡಿಜಿಟಲ್ ಸಹಿಯ ಟೋಕನ್ ಬೇಕಾಗುವುದು ಕಂಪನಿಗಳಿಗೆ. ಆ ಟೋಕನ್ ಲಿನಕ್ಸ್‌ನಲ್ಲಿ ಕಾಟ ಕೊಡುವುದು ಜಾಸ್ತಿ, ಅದಕ್ಕೇ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಸಿದಾಗ ಹಾರ್ಡ್‌ಡಿಸ್ಕ್ ಜೊತೆಗೆ ಎಂ.2 ಎಸ್‌ಎಸ್‌ಡಿಗೂ ಜಾಗ ಇದೆಯಾ ಅಂತ ನೋಡಿಸಿ. ಆ ಕಾಲದ ಎಷ್ಟೋ ಮಾಡೆಲ್‌ಗಳಲ್ಲಿ ಇರುತ್ತದೆ. ಇದ್ದರೆ ನಿಮ್ಮ ಅದೃಷ್ಟ. ಹಳೇ ಡಿಸ್ಕಿನಲ್ಲಿ ವಿಂಡೋಸ್ ಹಾಗೇ ಇರಲಿ, ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ. ಒಂದೇ ಡಿಸ್ಕನ್ನು ಪಾಲು (ಪಾರ್ಟಿಷನ್) ಮಾಡುವ ಭಯವೇ ಇಲ್ಲ. ಜಾಗ ಇಲ್ಲದಿದ್ದರೆ ವಿಂಡೋಸನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ, ಅದರಲ್ಲೇ ಲಿನಕ್ಸ್‌ಗೂ ಪಾಲು ಕೊಡಿ. ಯಾವುದೇ ದಾರಿಯಾದರೂ ಮೊದಲು ಟ್ಯಾಲಿ ಡೇಟಾದ ಬ್ಯಾಕಪ್ ಪೆನ್‌ಡ್ರೈವ್‌ಗೆ ಹೋಗಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ಅಂತಲೂ ನೋಡಿ. ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು ಕೈಯಲ್ಲಿಲ್ಲದೆ ಡಿಸ್ಕ್ ಮುಟ್ಟಿ ಡೇಟಾ ಕಳೆದುಕೊಂಡವರನ್ನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ಯಾವ ಲಿನಕ್ಸ್? ಲಿನಕ್ಸ್ ಮಿಂಟ್ ಹಾಕಿ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ಅಪ್ಪ ಕೂತರೂ ಗಾಬರಿಯಾಗಲ್ಲ. ಒಳಗಿರುವುದು ಉಬುಂಟು ತಳಹದಿ, ಹಾಗಾಗಿ ಉಬುಂಟುಗೆ ಅಂತ ಬರೆದ ಬಹುಪಾಲು ಸಲಹೆ ಇಲ್ಲೂ ನಡೆಯುತ್ತದೆ. 8 ಜಿಬಿಯಲ್ಲಿ ಕೋಡ್ ಬರೆಯುವ ವಿಎಸ್ ಕೋಡ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಒಂದು ಡೇಟಾಬೇಸ್, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಆರಾಮಾಗಿ ನಡೆಯುತ್ತವೆ.

ಎರಡು ಸಿಸ್ಟಂ ಹಾಕಿದ ಮೊದಲ ವಾರವೇ ಒಂದು ವಿಚಿತ್ರ ಕಾಣಬಹುದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ! ಏನೂ ಕೆಟ್ಟಿರಲ್ಲ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯವನ್ನೇ ಇಡಲು ಒಂದು ಕಮ್ಯಾಂಡಿನಲ್ಲಿ ಹೇಳಿದರೆ ಸರಿಹೋಗುತ್ತದೆ. ಇದನ್ನು ಬಿಟ್ಟರೆ ಅಪ್ಪನ ವೋಚರ್‌ಗಳ ತಾರೀಖೇ ಏರುಪೇರಾದೀತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ, ಆ ಡಿಸ್ಕಿಗೆ ಲಿನಕ್ಸ್‌ನಿಂದ ಏನೂ ಬರೆಯಲು ಆಗದೇ ಹೋಗಬಹುದು.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಸಾಕಲ್ವಾ ಅಂತ ನೀವು ಕೇಳಬಹುದು. ಅದು ನಿಜಕ್ಕೂ ಒಳ್ಳೆಯದು. ಎರಡನೇ ಆವೃತ್ತಿಯಲ್ಲಿ ಲಿನಕ್ಸ್‌ನ ಅಸಲಿ ಕರ್ನಲ್ಲೇ, ಅಂದರೆ ಅದರ ತಿರುಳೇ ಇದೆ. 16 ಜಿಬಿ ರ‍್ಯಾಮ್ ಇರುವ ಹೊಸ ಮಷೀನ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಾವಾಗಿ ಮಿತಿ ಹಾಕದಿದ್ದರೆ ಅದು ರ‍್ಯಾಮಿನ ಅರ್ಧದವರೆಗೂ ತಗೊಳ್ಳಬಹುದು. ನಿಮ್ಮ 8ರಲ್ಲಿ 4 ಹೋದರೆ ಉಳಿದಿದ್ದರಲ್ಲಿ ವಿಂಡೋಸ್, ಬ್ರೌಸರ್, ಎಡಿಟರ್ ಎಲ್ಲ ಕಿತ್ತಾಡಬೇಕು.

ಲಿನಕ್ಸ್ ಕಲಿಯಿರಿ ಅಂತ ನಾನು ಒತ್ತಾಯ ಮಾಡುವುದು ಬೇರೆ ಕಾರಣಕ್ಕೆ. ನೀವು ನಾಳೆ ಬರೆಯುವ ವೆಬ್‌ಸೈಟ್ ಹೆಚ್ಚು ಪಾಲು ಲಿನಕ್ಸ್ ಸರ್ವರ್ ಮೇಲೆಯೇ ಕೂರುತ್ತದೆ. ಮೊದಲ ಕೆಲಸದಲ್ಲಿ ನನಗೆ ಇದು ಗೊತ್ತಿರಲಿಲ್ಲ. ವಿಂಡೋಸ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಪುಟವನ್ನು ರಾತ್ರಿ ಸರ್ವರ್‌ಗೆ ಹಾಕಿದೆ. ಲೋಗೋ ಬರಲೇ ಇಲ್ಲ. ಎರಡು ಗಂಟೆ ಹುಡುಕಿದೆ. ಫೈಲಿನ ಹೆಸರಿನಲ್ಲಿ ಎಲ್ ಕ್ಯಾಪಿಟಲ್ ಇತ್ತು, ಕೋಡಿನಲ್ಲಿ ಸಣ್ಣದು. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡೂ ಬೇರೆ ಬೇರೆ. ಮ್ಯಾಕ್ ಕೂಡ ಮಾಮೂಲಿ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಹಾಗೇ ನೋಡುತ್ತದೆ. ಮೊದಲಿಂದ ಲಿನಕ್ಸ್‌ನಲ್ಲೇ ಬರೆದಿದ್ದರೆ ಈ ತಪ್ಪು ನನ್ನ ಮೇಜಿನ ಮೇಲೇ ಸಿಕ್ಕಿಬೀಳುತ್ತಿತ್ತು. ಫೈಲ್ ಪರ್ಮಿಷನ್, ಸಾಲಿನ ಕೊನೆಯ ಗುರುತು, ದೂರದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್, ಸರ್ವೀಸ್ ನಿಂತರೆ ಲಾಗ್ ಓದುವುದು, ಇವೆಲ್ಲ ದಿನಾ ಬಳಸಿದರೆ ಸುಮ್ನೆ ಕೈಗೆ ಹತ್ತುತ್ತವೆ.

ಪ್ರಶ್ನೆ: ಮಗಳಿಗೆ ಮೈಸೂರಿನಲ್ಲಿ ಬಿಇ ಕಂಪ್ಯೂಟರ್ ಸೈನ್ಸ್‌ಗೆ ಸೀಟ್ ಸಿಕ್ಕಿದೆ. ಮ್ಯಾಕ್‌ಬುಕ್ಕೇ ಬೇಕು ಅಂತ ಹಟ ಮಾಡುತ್ತಿದ್ದಾಳೆ. ನನಗೆ ಇದೊಂದೂ ಗೊತ್ತಾಗಲ್ಲ. ಅಷ್ಟು ದುಡ್ಡು ಹಾಕಬೇಕಾ?

ಉತ್ತರ: ಅಮ್ಮಾ, ಅವಳ ಆಸೆ ತಪ್ಪೇನಲ್ಲ. 2020ರ ಕೊನೆಯಿಂದ ಆಪಲ್ ತನ್ನದೇ ಚಿಪ್ ಹಾಕಲು ಶುರು ಮಾಡಿದ ಮೇಲೆ ಮ್ಯಾಕ್‌ಬುಕ್‌ಗಳ ಬ್ಯಾಟರಿ ಬಹಳ ಸುಧಾರಿಸಿದೆ. ಬೆಳಿಗ್ಗೆ ಚಾರ್ಜ್ ಮಾಡಿ ಹೋದರೆ ಕಾಲೇಜಿನಲ್ಲಿ ಪ್ಲಗ್ ಹುಡುಕಬೇಕಾಗಲ್ಲ. ಒಳಗಿರುವುದು ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್, ಹಾಗಾಗಿ ಕಮ್ಯಾಂಡ್ ಟೈಪ್ ಮಾಡಿ ಮಾಡುವ ಟರ್ಮಿನಲ್ ಕೆಲಸ ಲಿನಕ್ಸ್‌ಗೆ ಹತ್ತಿರ. ಐಫೋನ್ ಆ್ಯಪ್ ಮಾಡುವ ಮನಸ್ಸಿದ್ದರಂತೂ ಮ್ಯಾಕ್ ಬೇಕೇ ಬೇಕು, ಅದಕ್ಕೆ ಬೇಕಾದ ಎಕ್ಸ್‌ಕೋಡ್ ಬೇರೆ ಕಡೆ ಓಡಲ್ಲ.

ಆದರೆ ಮೊದಲ ವರ್ಷದ ಹುಡುಗಿಗೆ ನಾನು ಅದನ್ನು ಕೊಡಿಸಲ್ಲ. ಮೊದಲು ಸಿ, ಜಾವಾ, ಪೈಥಾನ್ ಕಲಿಯುವುದು. ಅದಕ್ಕೆ ಯಾವ ಲ್ಯಾಪ್‌ಟಾಪ್ ಆದರೂ ಆದೀತು. ಮುಂದೆ ಮೈಕ್ರೋಕಂಟ್ರೋಲರ್ ಲ್ಯಾಬಿಗೆ ಬಂದಾಗ ಕೀಲ್ ಮೈಕ್ರೋವಿಷನ್‌ನಂಥ ಸಾಫ್ಟ್‌ವೇರ್ ಬೇಕಾಗಬಹುದು, ಅದು ವಿಂಡೋಸ್‌ಗೇ ಮಾಡಿದ್ದು. ಹಳೇ ಇಂಟೆಲ್ ಮ್ಯಾಕ್‌ಗೆ ವಿಂಡೋಸ್ ಹಾಕಬಹುದಿತ್ತು, ಈಗಿನವುಗಳಿಗೆ ಹಾಗೆ ನೇರವಾಗಿ ಆಗಲ್ಲ. ಮಷೀನ್ ಲರ್ನಿಂಗ್ ಕಡೆ ಹೋದರೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಾರೆ, ಅದೂ ಮ್ಯಾಕ್‌ನಲ್ಲಿ ಇಲ್ಲ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ವಿಂಡೋಸ್ 11 ಲ್ಯಾಪ್‌ಟಾಪ್ ಕೊಡಿಸಿ, ಡಬ್ಲ್ಯುಎಸ್ಎಲ್‌ನಲ್ಲಿ ಉಬುಂಟು ಹಾಕಿಕೊಳ್ಳಲಿ. ಪ್ರಾಜೆಕ್ಟ್ ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿ ಇಡದೆ ಉಬುಂಟು ಒಳಗಿನ ಹೋಮ್ ಫೋಲ್ಡರ್‌ನಲ್ಲೇ ಇಡಲಿ. ಇಲ್ಲದಿದ್ದರೆ ಫೈಲ್ ಓದುವ ಬರೆಯುವ ಕೆಲಸ ತುಂಬಾ ನಿಧಾನ.

ಮ್ಯಾಕೇ ಅಂತ ನಿರ್ಧಾರವಾದರೆ 16 ಜಿಬಿಗಿಂತ ಕಡಿಮೆ ಬೇಡ. ಹಳೇ 8 ಜಿಬಿಯವು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ, ಮರುಳಾಗಬೇಡಿ. ಈ ಮ್ಯಾಕ್‌ಬುಕ್‌ಗಳಿಗೆ ಆಮೇಲೆ ರ‍್ಯಾಮ್ ಸೇರಿಸಲು ಆಗಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಧಾರವಾಡ. ಮಗ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ್ದಾನೆ. ನುಡಿ ತಂತ್ರಾಂಶದಲ್ಲಿ ಬರೆದಿದ್ದ ನನ್ನ ಹಳೆಯ ಲೇಖನಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಬರಹ ಹೋಯಿತೇ?

ಉತ್ತರ: ಗುರುಗಳೇ, ಒಂದಕ್ಷರವೂ ಹೋಗಿಲ್ಲ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕೆಳಗಿನ ಇಂಗ್ಲಿಷ್ ಗುರುತುಗಳೇ ಕಾಣುತ್ತವೆ, ಅಷ್ಟೇ. ಹೊಸ ವಿಂಡೋಸ್ ಹಾಕಿ ನುಡಿ ಹಾಕದಿದ್ದರೂ ಹೀಗೇ ಆಗುತ್ತದೆ. ಮೂಲ ಫೈಲ್‌ಗಳ ಒಂದು ಪ್ರತಿ ಬೇರೆ ಕಡೆ ಇಡಿ. ಆಮೇಲೆ ಈ ಹಳೆಯ ಪದ್ಧತಿಯಿಂದ (ಆಸ್ಕಿ) ಎಲ್ಲ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕದಲ್ಲಿ ಒಂದೊಂದೇ ಲೇಖನ ಹಾಕಿಸಿ. ಬದಲಾದ ಮೇಲೆ ಒಮ್ಮೆ ಓದಿ ನೋಡಿ. ಅರ್ಕಾವೊತ್ತು, ಅಂಕಿಗಳು, ನಡುವೆ ಬಂದ ಇಂಗ್ಲಿಷ್ ಪದಗಳು ಕೆಲವೊಮ್ಮೆ ತಪ್ಪಿರುತ್ತವೆ.

ಇನ್ನು ಮುಂದೆ ಬರೆಯಲು ಮಗನಿಗೆ ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ಐಬಸ್, ಅದರ ಜೊತೆ ಎಂ17ಎನ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಲು ಹೇಳಿ. ನುಡಿಯಲ್ಲಿ ನಿಮ್ಮ ಬೆರಳಿಗೆ ರೂಢಿಯಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅದು.