ಪಂಪಿನ ಹಿಂದಿನ ನಟ್ಟಿಗೆ ಗಿಡ್ಡ ಸ್ಪಾನರ್

ಬದಿಯಡ್ಕದ ತೋಟದಲ್ಲಿ ಕಂಗಿಗೆ (ಅಡಿಕೆ ಮರಕ್ಕೆ) ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಹೊಡೆಯುವ ಪಂಪು ಗೋಡೆಗೆ ತಾಗಿ ಕೂತಿದೆ, ಹಿಂದಿನ 13ರ (13 ಮಿಲಿಮೀಟರ್ ಸ್ಪಾನರ್ ಹಿಡಿಯುವ) ನಟ್ಟಿಗೆ ಸ್ಪಾನರ್ ತಿರುಗುವುದಿಲ್ಲ, ಕಬ್ಬಿಣದ ಪಟ್ಟಿಯಲ್ಲಿ ಗಿಡ್ಡದೊಂದು ಮಾಡಬಹುದಾ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಮೊದಲು ಯೋಚಿಸಬೇಕಾದ್ದು ಉದ್ದ ಅಲ್ಲ, ತಿರುಗಲು ಎಷ್ಟು ಜಾಗ ಇದೆ ಅನ್ನುವುದು.

ನಟ್ಟಿಗೆ ಆರು ಮುಖ. ಸ್ಪಾನರಿನ ಬಾಯಿ ನೇರ ಇದ್ದರೆ ಪ್ರತಿ ಸಲ 60 ಡಿಗ್ರಿ ತಿರುಗಬೇಕು. ಅಂಗಡಿಯ ಸ್ಪಾನರಿನ ಬಾಯಿ 15 ಡಿಗ್ರಿ ವಾರೆ ಇರುವುದು ಸುಮ್ನೆ ಅಲ್ಲ. ಒಮ್ಮೆ ತಿರುಗಿಸಿ, ಮಗುಚಿ ಹಾಕಿ, ಮತ್ತೆ ತಿರುಗಿಸಿದರೆ 30 ಡಿಗ್ರಿ ಸಾಕು. 12 ಮೂಲೆಯ ರಿಂಗ್ ಸ್ಪಾನರಿಗೂ ಅಷ್ಟೇ. ಒಂದೇ ಕಡೆಗೆ ಕಚ್ಚಿ ತಿರುಗುವ 72 ಹಲ್ಲಿನ ರ‍್ಯಾಚೆಟ್ ಆದರೆ 5 ಡಿಗ್ರಿ, ಆದರೆ ಅದರ ತಲೆ ದಪ್ಪ, ನಿಮ್ಮ ಸಂದಿಗೆ ಹೋಗುವುದು ಕಷ್ಟ.

ಮೆದು ಕಬ್ಬಿಣದ ಪಟ್ಟಿ ಬೇಡ. ಬಾಯಿ ಅಗಲವಾಗಿ ನಟ್ಟಿನ ಮೂಲೆ ತಿಂದುಬಿಡುತ್ತದೆ. ಹಳೆಯ ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕಿನ) ಸ್ಪಾನರನ್ನೇ ಕತ್ತರಿಸಿ, 10 ಸೆಂಟಿಮೀಟರ್ ಹಿಡಿ ಉಳಿಸಿ. ಬಗ್ಗಿಸುವುದಿದ್ದರೆ ಬಾಯಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿಯನ್ನು ಮಾತ್ರ ಕಾಯಿಸಿ, ಇಲ್ಲದಿದ್ದರೆ ಹದ ಹೋಗುತ್ತದೆ.

13ರ ನಟ್ಟು ಸಾಮಾನ್ಯವಾಗಿ ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟಿನದು. ಬೋಲ್ಟು 8.8 ಬಲದ ದರ್ಜೆಯದಾದರೆ ಬಿಗಿತ (ತಿರುಚುವ ಬಲ) ಸುಮಾರು 25 ನ್ಯೂಟನ್ ಮೀಟರ್. 10 ಸೆಂಟಿಮೀಟರ್ ಹಿಡಿಯಲ್ಲಿ ಅದಕ್ಕೆ 25 ಕೆಜಿಯಷ್ಟು ಒತ್ತಬೇಕು, ಕೈಗೆ ಸ್ವಲ್ಪ ಜಾಸ್ತಿಯೇ ಅಲ್ವಾ? ಮೈಲುತುತ್ತಿನ ನೀರು ಬಿದ್ದು ತುಕ್ಕು ಹಿಡಿದಿದ್ದರೆ ಇನ್ನೂ ಬಿಗಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ.