ಇಂಗ್ಲೆಂಡಿಗೆ ಹೋಗಿ, ಆದರೆ ಎರಡು ವರ್ಷ ಪಣಂಬೂರು ನೋಡಿ ಹೋಗಿ

ಉಡುಪಿಯಲ್ಲಿ ಎಲ್‌ಎಲ್‌ಬಿ ಮುಗಿಸಿದ್ದೀರಿ. ಸಾಲ ಮಾಡಿ ಇಂಗ್ಲೆಂಡಿನಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನಿನ ಎಲ್‌ಎಲ್‌ಎಂ ಮಾಡಬಹುದಾ, ಊರಿಗೆ ಬಂದರೆ ಅದರಿಂದ ಉಪಯೋಗ ಉಂಟಾ ಎಂದು ಕೇಳಿದ್ದೀರಿ. ನಾನು ಅದನ್ನೇ ಓದಿ ಬಂದು ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಉಪಯೋಗ ಖಂಡಿತ ಉಂಟು. ಆದರೆ ಈ ವರ್ಷವೇ ಹೊರಡಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾನು ಜೂನಿಯರ್ ಆಗಿದ್ದಾಗ ಗೇರುಬೀಜದ ಫ್ಯಾಕ್ಟರಿಯ ಧಣಿಯೊಬ್ಬರು ನಮ್ಮ ಆಫೀಸಿಗೆ ಬಂದರು. ಆಫ್ರಿಕಾದಿಂದ ತರಿಸಿದ ಹಸಿ ಬೀಜ ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿದಿತ್ತು. ಗೋಣಿಯಿಂದ ಒಂದಷ್ಟು ಬೀಜ ತೆಗೆದು, ಒಂದೊಂದನ್ನೇ ಕತ್ತರಿಸಿ, ಒಳ್ಳೆಯ ತಿರುಳು ಎಷ್ಟು, ಕಪ್ಪಾದದ್ದು ಎಷ್ಟು ಎಂದು ತೂಗಿ ನೋಡುತ್ತಾರೆ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಗುತ್ತದೋ ಅದೇ ಔಟ್‌ಟರ್ನ್. ಕರಾರಿನಲ್ಲಿ 47 ಎಂದಿತ್ತು, ಸಿಕ್ಕಿದ್ದು 41. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆ ಎಂದು ಕೊಳ್ಳುವವನ ಪರವಾಗಿ ಬ್ಯಾಂಕು ಬರೆದುಕೊಡುವ ಭರವಸೆ) ಪ್ರಕಾರ ಬ್ಯಾಂಕು ಅಷ್ಟರಲ್ಲಿ ಮಾರಿದವನಿಗೆ ಪೂರ್ತಿ ಹಣ ಕೊಟ್ಟಾಗಿತ್ತು. "ಮಾಲು ನೋಡದೆ ಬ್ಯಾಂಕಿನವರು ದುಡ್ಡು ಕೊಡುವುದು ಹೇಗೆ ವಕೀಲ್ರೇ?" ಎಂದು ಅವರು ಕೇಳಿದ್ದು ಈಗಲೂ ಕಿವಿಯಲ್ಲಿ ಉಂಟು. ನಮ್ಮ ಸೀನಿಯರ್ ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೆ ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ದಾಖಲೆ), ಹಡಗು ಹತ್ತಿಸಿದ ಬಂದರಿನ ಕ್ವಾಲಿಟಿ ಸರ್ಟಿಫಿಕೇಟ್ ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ.

ಮುಂದೆ ಎಲ್‌ಎಲ್‌ಎಂ ಕ್ಲಾಸಿನಲ್ಲಿ, ಎಲ್‌ಸಿಗಳಿಗೆ ಬ್ಯಾಂಕುಗಳು ಪಾಲಿಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ 5ನೇ ವಿಧಿ ಬಂತು. ಬ್ಯಾಂಕಿನ ವ್ಯವಹಾರ ದಾಖಲೆಗಳ ಜೊತೆಗೆ, ಮಾಲಿನ ಜೊತೆಗಲ್ಲ ಎನ್ನುವುದೇ ಅದರ ಸಾರ. ಪಕ್ಕದಲ್ಲಿ ಕೂತವರು ಅದನ್ನು ಬಾಯಿಪಾಠ ಮಾಡುತ್ತಿದ್ದರು, ನನಗೆ ಆ ಧಣಿಯ ಮುಖ ಕಂಡಿತು. ಮುಖ್ಯವಾಗಿ ವಂಚನೆಯಾದರೆ ಈ ನಿಯಮಕ್ಕೆ ವಿನಾಯಿತಿ. 1941ರ ನ್ಯೂಯಾರ್ಕಿನ ಪ್ರಕರಣವೊಂದರಲ್ಲಿ, ಬ್ರಷ್ಷಿಗೆ ಬೇಕಾದ ಬಿರುಗೂದಲಿನ ಬದಲು ಪೆಟ್ಟಿಗೆಗಳಲ್ಲಿ ದನದ ಕೂದಲು, ಕಸ ತುಂಬಿ ಕಳಿಸಿದ್ದಾರೆ ಎಂಬುದು ದೂರು. ಗುಣಮಟ್ಟ ಕಡಿಮೆಯಾದದ್ದಕ್ಕೂ ಇಂಥ ಮೋಸಕ್ಕೂ ಎಷ್ಟು ಅಂತರ ಎನ್ನುವುದು ಗೋಣಿ ಬಿಚ್ಚಿ ನೋಡಿದವರಿಗೆ ಬೇಗ ಹಿಡಿಯುತ್ತದೆ.

ಅದೇ ಕರಾರಿನ ಕೊನೆಯಲ್ಲಿ, ತಕರಾರು ಬಂದರೆ ಲಂಡನ್ನಿನಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಪು) ಎಂಬ ಒಂದು ಸಾಲಿತ್ತು. ಧಣಿ ಓದದೆ ಸಹಿ ಹಾಕಿದ್ದರು. ಅಲ್ಲಿ ಆಗುವ ತೀರ್ಪನ್ನು ವಿದೇಶಿ ಮಧ್ಯಸ್ಥರ ತೀರ್ಪುಗಳನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದ ಮತ್ತು ನಮ್ಮ 1996ರ ಆರ್ಬಿಟ್ರೇಶನ್ ಕಾಯ್ದೆಯ ಎರಡನೇ ಭಾಗದಡಿ ಇಲ್ಲಿನ ಹೈಕೋರ್ಟಿನಲ್ಲಿ ಜಾರಿ ಮಾಡಿಸಬಹುದು. ಆಗ ಯಾರದ್ದು ಸರಿ, ಯಾರದ್ದು ತಪ್ಪು ಎಂದು ಹೈಕೋರ್ಟು ಮತ್ತೆ ಮೊದಲಿಂದ ವಿಚಾರಿಸುವುದಿಲ್ಲ. ಇಡೀ ಕೋರ್ಸಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಪಾಠ. ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದವನ್ನೂ ಓದಿಸುತ್ತಾರೆ. ಭಾರತವಾಗಲಿ ಬ್ರಿಟನ್ ಆಗಲಿ ಅದಕ್ಕೆ ಸೇರಿಲ್ಲ, ಆದರೂ ಬಿಡಬೇಡಿ. ಕರಾರಿಗೆ ಒಪ್ಪಂದಕ್ಕೆ ಸೇರಿದ ದೇಶದ ಕಾನೂನು ಅನ್ವಯವಾದರೆ ಅದೂ ಬೆನ್ನಿಗೇ ಬರುತ್ತದೆ.

ಒಂದು ವಿಷಯ ಮನೆಯವರಿಗೂ ತಿಳಿಸಿಬಿಡಿ: ಬರೀ ಎಲ್‌ಎಲ್‌ಎಂನಿಂದ ಇಂಗ್ಲೆಂಡಿನಲ್ಲಿ ವಕೀಲಿ ಮಾಡುವ ಹಕ್ಕು ಸಿಗುವುದಿಲ್ಲ. ಸಾಲಿಸಿಟರ್ ಆಗಲು ಎಸ್‌ಕ್ಯೂಇ ಎಂಬ ಬೇರೆ ಪರೀಕ್ಷೆ ಉಂಟು. ಅಲ್ಲೇ ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಎಂಬ ಲೆಕ್ಕ ಹಾಕಿ ಅಪ್ಪನ ಜಾಗ ಅಡವಿಡಬೇಡಿ. ಬ್ರಿಟನ್ ಸರ್ಕಾರ ಕೊಡುವ ಚೀವನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು. ಊರಿಗೇ ಬರುವ ಮನಸ್ಸಿದ್ದರೆ ಅದು ನಿಮಗೆ ಹೇಳಿ ಮಾಡಿಸಿದ ಹಾಗೆ ಉಂಟು.

ಆ ಎರಡು ವರ್ಷ ಸಿವಿಲ್ ಕೇಸು ನಡೆಸುವ ಸೀನಿಯರ್ ಹತ್ತಿರ ಸೇರಿ. ವಾರಕ್ಕೊಂದು ಮಧ್ಯಾಹ್ನ ಬಂದರಿನಲ್ಲಿ ಮಾಲಿನ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಯಾರಾದರೂ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೂತು, ಬಿಲ್ ಆಫ್ ಲೇಡಿಂಗಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. 1930ರ ಸರಕು ಮಾರಾಟ ಕಾಯ್ದೆಯನ್ನು ಇನ್ನೊಮ್ಮೆ ಓದಿ. ಅದರ ಮೂಲ 1893ರ ಇಂಗ್ಲಿಷ್ ಕಾಯ್ದೆ, ಅಲ್ಲಿ ಹೋದ ಮೇಲೆ ಬಹಳ ಸುಲಭವಾಗುತ್ತದೆ.

ಊರಿನಲ್ಲಿ ಕೆಲಸ ಉಂಟಾ ಎಂದಿರಲ್ಲ, ಮೊನ್ನೆ ಅದೇ ಧಣಿ ಹೊಸ ಕರಾರಿನ ಡ್ರಾಫ್ಟನ್ನು ಸಹಿ ಹಾಕುವ ಮೊದಲೇ ವಾಟ್ಸಾಪಿನಲ್ಲಿ ಕಳಿಸಿದ್ದರು. ಪಣಂಬೂರಿನಲ್ಲಿ ಬೀಜ ಕತ್ತರಿಸಿ ನೋಡಿದಾಗ ಬರುವ ಔಟ್‌ಟರ್ನೇ ಅಂತಿಮ, ಹಣದ ಒಂದು ಪಾಲು ಅದಾದ ಮೇಲೆಯೇ ಪಾವತಿ ಎಂದು ಎರಡು ಸಾಲು ಸೇರಿಸಿ ವಾಪಸು ಕಳಿಸಿದೆ.